ಜೊಲ್ಲಿನ ಕಣಜ

ನಾಲ್ಕನೆಯ ತಟ್ಟೆಯೂ ಮಿನುಗಲಿಲ್ಲ. ಸಂಶೋಧಕಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ಜೊಲ್ಲುಗ್ರಂಥಿಯ ಕೋಶಗಳಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದಳು. ಮೂರು ವರ್ಷ ಸಾಕಿದವಳಿಗೆ ಹೀಗೆ ಕೈಕೊಡುವುದೇ?

ಕೆಲಸವೇನೋ ಸರಳ. ಹಾರ್ಮೋನಿನಂಥ ಸಂದೇಶದ ಒಂದು ಹನಿ ಬಂದು ಕೋಶದ ಬಾಗಿಲು ತಟ್ಟಬೇಕು. ಒಳಗಿನ ಕಣಜದಿಂದ ಕ್ಯಾಲ್ಸಿಯಂ ಹೊರನುಗ್ಗಬೇಕು. ಕ್ಯಾಲ್ಸಿಯಂ ತಾಗಿದರೆ ಹೊಳೆಯುವ ಬಣ್ಣ ಹೀರಿದ ಕೋಶ ಹಸಿರಾಗಿ ಮಿನುಗಬೇಕು. ಬಾಯಲ್ಲಿ ನೀರೂರುವುದಕ್ಕೆ ಮೊದಲು ಒಳಗೆ ಇಷ್ಟು ಸಂಭ್ರಮ ನಡೆಯುತ್ತದೆ. ಆ ಕ್ಯಾಲ್ಸಿಯಂ ಕಣಜದ್ದೇ ಎಂದು ರುಜುವಾತು ಮಾಡಲು ಅವಳು ತಟ್ಟೆಯ ನೀರಿನಲ್ಲಿ ಕ್ಯಾಲ್ಸಿಯಮ್ಮೇ ಇಲ್ಲದಂತೆ ನೋಡಿಕೊಂಡಿದ್ದಳು.

"ಇವತ್ತೂ ಮಿನುಗಲಿಲ್ಲ ಅಂದ್ರೆ ವಿಷಯ ಬದಲಾಯಿಸಮ್ಮ" ಎಂದು ಮೇಷ್ಟ್ರು ಬೆಳಿಗ್ಗೆಯೇ ಹೇಳಿದ್ದರು. ಮೂರು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುವುದರಲ್ಲಿತ್ತು.

ಅಷ್ಟರಲ್ಲಿ ಪ್ರಯೋಗಾಲಯದ ಸಹಾಯಕರು ಬಾಗಿಲಲ್ಲಿ ಇಣುಕಿದರು. ಎಲ್ಲರ ಬಾಯಲ್ಲೂ ಅವರು ಅಣ್ಣ. ಮುಂದಿನ ತಿಂಗಳು ನಿವೃತ್ತಿ.

"ಯಾಕಮ್ಮ ಮುಖ ಸಪ್ಪಗಿದೆ? ಕೋಶಗಳು ಚೆನ್ನಾಗೇ ಇವೆಯಲ್ಲ. ನಾನೇ ನೋಡಿದೀನಿ, ಪಳಪಳ ಅಂದ್ವು."

"ನೀವು ನೋಡಿದ್ರಾ? ಯಾವಾಗ?"

"ನಿಮಗೆ ಸತ್ತ ಕೋಶ ಕೊಡೋಕಾಗುತ್ತಾ? ಈ ವಾರವೆಲ್ಲ ಪಕ್ಕದ ಕೋಣೇಲಿರೋ ಹಳೇ ಸೂಕ್ಷ್ಮದರ್ಶಕದ ಕೆಳಗಿಟ್ಟು, ಒಂದು ಹನಿ ಬಿಟ್ಟು, ಮಿನುಗಿದ್ಮೇಲೇನೇ ತರ್ತಿದ್ದೆ. ನಿಮ್ಮ ಆ ನೀರಲ್ಲೇ ತೊಳೆದು ತರ್ತಿದ್ದೆ ಮತ್ತೆ!"

ಅವಳು ಸ್ಟೂಲಿನ ಮೇಲೆ ಕುಸಿದಳು. ಕಣಜ ಒಮ್ಮೆ ಬರಿದಾದರೆ, ಕ್ಯಾಲ್ಸಿಯಂ ಇಲ್ಲದ ನೀರಿನಲ್ಲಿ ಪಾಪ ಕೋಶ ಏನನ್ನು ತುಂಬಿಕೊಳ್ಳಬೇಕು?

"ಐದನೇದಕ್ಕೂ ಹನಿ ಬಿಟ್ರಾ?"

"ಇಲ್ಲ, ಈಗ ಬಿಡೋಣ ಅಂತ..."

"ಬೇಡಾ!"

ಆ ಕೂಗಿಗೆ ಮೇಷ್ಟ್ರು ಕನ್ನಡಕ ಕೈಯಲ್ಲಿ ಹಿಡಿದೇ ಓಡಿಬಂದರು. ಅವಳು ವಿಷಯ ಬಿಡಿಸಿ ಹೇಳಿದಾಗ ಅಣ್ಣನ ಮುಖ ಇಳಿದುಹೋಯಿತು.

"ನಿಮ್ಮ ಮೂರು ವರ್ಷಾನ ನಾನೇ ಹಾಳು ಮಾಡ್ಬಿಡ್ತಿದ್ನಲ್ಲಮ್ಮ. ಪರೀಕ್ಷೆ ಅನ್ನೋದು ನೆಪ. ಮುಂದಿನ ತಿಂಗಳಿಂದ ಆ ಮಿನುಗು ನೋಡೋಕೆ ಸಿಗಲ್ವಲ್ಲ ಅಂತ..."

ಅವಳಿಗೆ ಬೈಯಬೇಕೆನಿಸಿತು. ಆದರೂ ಐದನೆಯ ತಟ್ಟೆಯನ್ನು ತಾನೇ ತಂದು ಇಟ್ಟು, ಹನಿಯ ಕೊಳವೆಯನ್ನು ಅಣ್ಣನ ಕೈಗೆ ಕೊಟ್ಟಳು.

"ನೀವೇ ಬಿಡಿ. ಒಂದೇ ಹನಿ."

ಮೇಷ್ಟ್ರು ಕನ್ನಡಕ ಹಾಕಿಕೊಂಡು ಸೂಕ್ಷ್ಮದರ್ಶಕದ ಪರದೆಯತ್ತ ಬಾಗಿದರು. ಹನಿ ಬಿತ್ತು. ಪರದೆ ಕಪ್ಪಗೇ ಇತ್ತು. ಆಮೇಲೆ ಮೂಲೆಯಲ್ಲೊಂದು ಕೋಶ ಮಿನುಗಿತು, ಅದರ ಪಕ್ಕದ್ದು, ಅದರಾಚೆಯದ್ದು. ನೋಡನೋಡುತ್ತಿದ್ದಂತೆ ಪರದೆಯೆಲ್ಲ ಹಸಿರಾಯಿತು.

ಮೂವರಲ್ಲಿ ಯಾರೋ ಒಬ್ಬರು ಗುಟುಕ್ಕನೆ ಉಗುಳು ನುಂಗಿದರು.