ಶುಕ್ರವಾರದ ಸಹಿ

ಫ್ಯಾಕ್ಟರಿ ಕೆಲಸಕ್ಕೆ ಹೋಗುವ ಅಕ್ಕತಂಗಿಯರೇ, ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಾಗ ನಿಮ್ಮ ಸೊಂಟ ಏನು ಹೇಳುತ್ತದೆ ಎಂದು ನನಗೆ ಗೊತ್ತು. ನನ್ನದೂ ಅದನ್ನೇ ಹೇಳುತ್ತದೆ. ಹಾಗಾಗಿ ಉದ್ದ ಭಾಷಣ ಮಾಡುವುದಿಲ್ಲ. ಒಲೆಯ ಮೇಲೆ ಅನ್ನ ಬೇಯುವಷ್ಟು ಹೊತ್ತಿನಲ್ಲಿ ಓದಿ ಮುಗಿಸಬಹುದು. ನಾನು ಮಾಡಿದ ಒಂದು ತಪ್ಪಿನ ಕಥೆ ಇದು.

ನನ್ನ ಹೆಸರು ಆಶಾಲತಾ. ಊರು ಉಡುಪಿಯ ಹತ್ತಿರ. ಊರಿನಲ್ಲಿ ಬಿ.ಎ. ಮಾಡಿದವಳು ಎಂದು ಹೆಮ್ಮೆಯಿತ್ತು. ಈ ಪರದೇಶಕ್ಕೆ ಬಂದ ಮೇಲೆ ಆ ಸರ್ಟಿಫಿಕೇಟು ಪೆಟ್ಟಿಗೆಯ ತಳ ಸೇರಿತು. ೧೯೮೩ರಲ್ಲಿ ರೆಡ್‌ವುಡ್ ಸಿಟಿಯ ಫ್ರೀವೇ ಪಕ್ಕದ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಕಂಪ್ಯೂಟರಿನ ಒಳಗೆ ಕೂರುವ ಹಸಿರು ಬೋರ್ಡುಗಳಿಗೆ ಬೆಸುಗೆ ಹಾಕುವ ಕೆಲಸ. ಸಿಕ್ಕಿದ್ದು ಗುಣಪಾಲನಿಂದ. ಅವನೂ ನಮ್ಮ ಕಡೆಯವನೇ, ನನಗಿಂತ ಚಿಕ್ಕವನು, ಆಶಕ್ಕಾ ಎಂದು ಬಾಯಿ ತುಂಬ ಕರೆಯುತ್ತಿದ್ದ. ನಮ್ಮ ಲೈನಿಗೆ ಅವನೇ ಮೇಲ್ವಿಚಾರಕ.

ಲೈನಿನಲ್ಲಿ ಆರು ಹೆಂಗಸರು. ನಾನು ಮತ್ತು ಮಂಗಳೂರಿನ ಜಯಂತಿ ನಮ್ಮವರು. ಉಳಿದ ನಾಲ್ವರು ಮೆಕ್ಸಿಕೋ ಕಡೆಯವರು. ಅವರಲ್ಲಿ ಒಬ್ಬಳು ಓಫೇಲಿಯಾ. ಅವಳ ಇಂಗ್ಲಿಷು ಅರ್ಧ, ನನ್ನದೂ ಅರ್ಧ. ಎರಡೂ ಸೇರಿ ನಮಗೆ ಸಾಕಾಗುತ್ತಿತ್ತು.

ನಮ್ಮ ಗೆಳೆತನ ಶುರುವಾದದ್ದು ಒಣ ಸಿಗಡಿ ಚಟ್ನಿಯಿಂದ. ಮೊದಲ ವಾರ ನಾನು ಊಟದ ಡಬ್ಬಿ ಮುಚ್ಚಳ ತೆಗೆದಾಗ ಪಕ್ಕದ ಮೇಜಿನವರು ಮೂಗು ಹಿಡಿದು ಎದ್ದು ಹೋದರು. ಓಫೇಲಿಯಾ ಮಾತ್ರ ಎದ್ದು ನನ್ನ ಬಳಿಗೆ ಬಂದಳು. ಕಣ್ಣು ಮುಚ್ಚಿ ಉಸಿರೆಳೆದು, “ಇದು ನನ್ನ ಅಮ್ಮನ ಅಡುಗೆಮನೆ” ಎಂದಳು. ಅವರ ಊರಿನಲ್ಲೂ ಸಿಗಡಿ ಒಣಗಿಸುತ್ತಾರಂತೆ. ಅದು ಯಾವ ಅಂಗಡಿಯಲ್ಲಿ ಸಿಗುತ್ತದೆಂದು ತೋರಿಸಿದವಳೂ ಅವಳೇ. ಅಲ್ಲಿಯವರೆಗೆ ನಾನು ಊರಿನಿಂದ ಬರುವವರ ಸೂಟ್‌ಕೇಸಿಗೆ ಕಾಯುತ್ತಿದ್ದೆ.

ಇನ್ನು ತಪ್ಪಿನ ವಿಷಯಕ್ಕೆ ಬರುತ್ತೇನೆ.

ಬೆಸುಗೆಯಾದ ಬೋರ್ಡುಗಳ ಅಂಟು ತೆಗೆಯಲು ಮೂಲೆಯಲ್ಲಿ ಒಂದು ದ್ರಾವಣದ ತೊಟ್ಟಿ ಇತ್ತು. ಟ್ಯಾಂಕು ಎನ್ನುತ್ತಿದ್ದೆವು. ಅದರ ಆವಿ ಸಿಹಿ ಸಿಹಿ, ತಲೆ ಸುತ್ತಿಸುವಂಥದ್ದು. ಅಲ್ಲಿ ಯಾರೂ ಹೆಚ್ಚು ನಿಲ್ಲಬಾರದು ಎಂದು ಕಂಪನಿಯೇ ನಿಯಮ ಮಾಡಿತ್ತು. ಆರು ಜನ, ಒಬ್ಬೊಬ್ಬರಿಗೆ ಒಂದು ವಾರದ ಪಾಳಿ. ವಾರ ಮುಗಿದ ಶುಕ್ರವಾರ, ಅಲ್ಲಿ ನಿಂತದ್ದು ನಾನೇ ಎಂದು ಅವರು ಪಾಳಿಯ ಹಾಳೆಯ ಮೇಲೆ ಸಹಿ ಹಾಕಬೇಕು.

ನನ್ನ ಮೊದಲ ಪಾಳಿಯ ದಿನ ಗುಣಪಾಲ ನನ್ನನ್ನು ಅಲ್ಲಿಗೆ ಹೋಗಲು ಬಿಡಲಿಲ್ಲ.

“ನೀವು ಎಂತಕ್ಕೆ ಅಲ್ಲಿ ಹೋಗುವುದು ಆಶಕ್ಕ? ನಾನಿರುವಾಗ ನಮ್ಮ ಹೆಂಗಸರನ್ನು ಅಲ್ಲಿ ನಿಲ್ಲಿಸ್ತೇನಾ? ಓಫೇಲಿಯಾ ನಿಲ್ತಾಳೆ.”

“ಅವಳಿಗೆ ಕಷ್ಟ ಆಗುದಿಲ್ವಾ?”

“ಅವರಿಗೆಲ್ಲ ಅಭ್ಯಾಸ ಉಂಟು. ಗಟ್ಟಿ ಜನ. ನೀವು ಶುಕ್ರವಾರ ಒಂದು ಸಹಿ ಹಾಕಿದ್ರೆ ಆಯ್ತು.”

ಹಾಕಿದೆ. ಜಯಂತಿಯೂ ಹಾಕಿದಳು. ಅಯ್ಯೋ ಎಂದು ಒಂದು ಕ್ಷಣ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ದಾಕ್ಷಿಣ್ಯ ಎನ್ನುವುದು ನಮ್ಮ ಜನರಿಗೆ ಹುಟ್ಟಿನಿಂದಲೇ ಬಂದ ಕಾಯಿಲೆ. ಕೆಲಸ ಕೊಡಿಸಿದವನು, ಅಕ್ಕಾ ಎನ್ನುವವನು, ಅವನ ಮಾತು ಹೇಗೆ ತೆಗೆದುಹಾಕುವುದು? ಸೋಮವಾರ ಅವನಿಗೆ ಕೆಸುವಿನ ಎಲೆಯ ಪತ್ರೊಡೆ ಕಟ್ಟಿಕೊಂಡು ಹೋದೆ. ಓಫೇಲಿಯಾಗೂ ಎರಡು ತುಂಡು ಕೊಟ್ಟೆ. ಅಲ್ಲಿಗೆ ಲೆಕ್ಕ ಸರಿಹೋಯಿತು ಎಂದುಕೊಂಡೆ.

ಹೀಗೆ ಎರಡು ವರ್ಷ. ಓಫೇಲಿಯಾ ಅವಳ ಪಾಳಿ, ನನ್ನ ಪಾಳಿ, ಜಯಂತಿಯ ಪಾಳಿ, ಎಲ್ಲ ನಿಂತಳು. ಆರು ವಾರದಲ್ಲಿ ಮೂರು ವಾರ ಟ್ಯಾಂಕಿನ ಮುಂದೆ. ಅವಳ ಬೆರಳಿನ ಸಂದುಗಳು ಬಿರಿದವು. ಮಧ್ಯಾಹ್ನ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಯಾಕೆ ಬೇಡ ಅನ್ನಲಿಲ್ಲ ಎಂದು ಕೇಳುತ್ತೀರಿ. ಆಗ ಎಲ್ಲ ಕಡೆ ಜನರನ್ನು ಕೆಲಸದಿಂದ ತೆಗೆಯುತ್ತಿದ್ದ ಕಾಲ. ಬೇಡ ಎಂದವರು ಮೊದಲು ಮನೆಗೆ ಹೋಗುತ್ತಿದ್ದರು.

ಒಂದು ದಿನ ಊಟದ ಹೊತ್ತಿಗೆ ನಾನು ಡಬ್ಬಿ ತೆಗೆದೆ. ಅದೇ ಒಣ ಸಿಗಡಿ ಚಟ್ನಿ. ಓಫೇಲಿಯಾ ಎದುರಿಗೇ ಕೂತಿದ್ದಳು.

“ತುಂಬಾ ದಿನವಾಯಿತು, ನೀನು ಸಿಗಡಿ ತರಲೇ ಇಲ್ಲ” ಎಂದಳು.

ಡಬ್ಬಿ ಅವಳ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು. ನಾನು ಅದನ್ನು ಇನ್ನೂ ಮುಂದಕ್ಕೆ ತಳ್ಳಿದೆ. ಅವಳು ಬಗ್ಗಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಅದರ ವಾಸನೆ ಅವಳ ಮೂಗಿಗೆ ತಾಗಿರಲೇ ಇಲ್ಲ. ಅವತ್ತು ಡಬ್ಬಿಯನ್ನು ಹಾಗೆಯೇ ಮುಚ್ಚಿ ಮನೆಗೆ ತಂದೆ. ಆದರೂ ಮುಂದಿನ ಶುಕ್ರವಾರ ಸಹಿ ಹಾಕಿದೆ, ಅದನ್ನೂ ಹೇಳಿಬಿಡುತ್ತೇನೆ.

ಎರಡು ವಾರದ ಮೇಲೆ ಓಫೇಲಿಯಾ ಟ್ಯಾಂಕಿನ ಹತ್ತಿರವೇ ಪ್ರಜ್ಞೆ ತಪ್ಪಿ ಬಿದ್ದಳು.

ತಿಂಗಳಾದ ಮೇಲೆ ಒಂದು ಶನಿವಾರ ನಮ್ಮ ಅಪಾರ್ಟ್‌ಮೆಂಟಿಗೆ ಕಮಲಕ್ಕ ಬಂದರು. ಧಾರವಾಡದ ಕಮಲವ್ವ, ಬಡವರ ಕ್ಲಿನಿಕ್ಕಿನಲ್ಲಿ ನರ್ಸು. ಕನ್ನಡ ಸಂಘದ ಊಟಗಳಲ್ಲಿ ಪರಿಚಯ. ಇಲ್ಲಿಗೆ ಬಂದ ಮೇಲೆ ಸ್ಪ್ಯಾನಿಷ್ ಕಲಿತವರು, ಅದನ್ನೂ ಧಾರವಾಡದ ಧಾಟಿಯಲ್ಲೇ ಮಾತಾಡುತ್ತಾರೆ ಎಂದು ನಾವು ನಗುತ್ತಿದ್ದೆವು. ಅವತ್ತು ಅವರ ಮುಖದಲ್ಲಿ ನಗು ಇರಲಿಲ್ಲ. ಬ್ಯಾಗಿನಿಂದ ಒಂದು ಕಾಗದದ ಕಟ್ಟು ತೆಗೆದು ಮೇಜಿನ ಮೇಲಿಟ್ಟರು.

“ಓಫೇಲಿಯಾ ನಮ್ಮ ಕ್ಲಿನಿಕ್ಕಿಗೆ ಬರತಾಳ. ಆಕಿ ಒಪ್ಪಿಗಿ ತಗೊಂಡ ಬಂದೀನಿ. ಈ ಸಹಿ ನಿಂದ ಏನವಾ?”

ಕಂಪನಿಯಿಂದ ತರಿಸಿದ ನಮ್ಮ ಪಾಳಿ ಹಾಳೆಯ ನಕಲು. ಎರಡು ವರ್ಷದ್ದು. ನನ್ನ ಸಹಿ ಹದಿನೇಳು ಕಡೆ ಇತ್ತು. ಬಿ.ಎ. ಓದಿದವಳ ಚೆಂದದ ಅಕ್ಷರ.

“ಹೌದು ಕಮಲಕ್ಕ.”

“ಆಕಿ ಚಿಕಿತ್ಸೆಕ್ಕ ಅರ್ಜಿ ಹಾಕ್ಯಾಳ. ಕೆಲಸದಾಗ ಬಂದ ರೋಗ ಅಂದ್ರ ಅದರ ಖರ್ಚು ಕಂಪನಿದು, ಅದು ಇಲ್ಲಿ ಕಾಯ್ದೆ. ಕಂಪನಿಯವರು ಏನಂತಾರ ಗೊತ್ತೇನ? ಈಕಿ ಎಲ್ಲಾರ ಹಂಗ ಆರು ವಾರಕ್ಕ ಒಂದ ವಾರ ನಿಂತಾಳ, ಉಳಿದವರಿಗೆ ಏನೂ ಆಗಿಲ್ಲ, ಈಕಿಗಷ್ಟ ಹೆಂಗ ಆತು, ಇದು ಮನಿ ರೋಗ, ಕೆಲಸದ್ದಲ್ಲ ಅಂತ. ಅದಕ್ಕ ಸಾಕ್ಷಿ ಯಾವುದು? ನಿನ್ನ ಸಹಿ.”

ನನ್ನ ಗಂಡ ಜಯರಾಜ್ ಟೀವಿ ಆರಿಸಿ ಬಂದರು. ಕೊಲ್ಲಿಯಾಚೆಯ ಪ್ಲೆಸೆಂಟನ್ ಊರಿನ ಆಫೀಸಿಗೆ ದಿನಾ ಸೇತುವೆ ದಾಟಿ ಹೋಗಿ ಬರುವ ಮನುಷ್ಯ, ಶನಿವಾರ ಒಂದು ದಿನ ಕಾಲು ಚಾಚುವುದು.

“ನಮಗೆ ಎಂತಕ್ಕೆ ಅಕ್ಕ ಈ ರಗಳೆ?” ಎಂದರು. “ಸುಳ್ಳು ಸಹಿ ಹಾಕಿದ್ದೇನೆ ಅಂತ ಇವಳೇ ಹೋಗಿ ಹೇಳಿದ್ರೆ ನಾಳೆ ಇವಳ ಕೆಲಸ ಹೋಗ್ತದೆ. ಸಿಟಿಜನ್‌ಶಿಪ್ಪಿಗೆ ಬೇರೆ ಅರ್ಜಿ ಹಾಕಿದ್ದೇವೆ. ಮತ್ತೆ ಗುಣಪಾಲ? ಉಂಡ ಮನೆಗೆ ಎರಡು ಬಗೆಯುದಾ?”

“ಉಂಡ ಮನಿ ಅಂದ್ರಿ, ಖರೆ. ಆ ಮನ್ಯಾಗ ಒಂದ ಕಣ್ಣಿಗೆ ಬೆಣ್ಣಿ, ಒಂದ ಕಣ್ಣಿಗೆ ಸುಣ್ಣ ಹಚ್ಚಿದ್ರಲ್ಲರೀ” ಎಂದರು ಕಮಲಕ್ಕ. “ನಾ ದಿನಾ ನೋಡತೀನಿ. ಹೊಲದಾಗ ಔಷಧ ಹೊಡಿಯೂದು ಇವರ, ಹೋಟೆಲಿನ ಒಲಿ ಮುಂದ ಇವರ, ಟ್ಯಾಂಕಿನ ಮುಂದೂ ಇವರ. ಗಟ್ಟಿ ಜನ ಅಂತಾರ. ಗಟ್ಟಿ ಏನೂ ಇಲ್ಲ ತಂಗಿ, ಬ್ಯಾಡ ಅನ್ನಾಕ ಅವರಿಗೆ ಯಾರೂ ಬಿಟ್ಟಿಲ್ಲ, ಅಷ್ಟ.”

“ಕೆಲಸ ಹೋದ್ರೆ?” ಎಂದೆ ನಾನು.

“ಹೋಗಂಗಿಲ್ಲ ಅಂತ ನಾ ಆಣಿ ಮಾಡಂಗಿಲ್ಲ. ಆದ್ರ ಸುರಕ್ಷತಾ ವಿಷಯದಾಗ ಖರೆ ಹೇಳಿದ್ದಕ್ಕ ಕೆಲಸದಿಂದ ತೆಗಿಯೂದು ಕಾಯ್ದೆಕ್ಕ ವಿರುದ್ಧ. ತೆಗದ್ರ ನಾವೂ ದೂರು ಕೊಡಬಹುದು, ನಾ ನಿನ್ನ ಜೋಡಿ ಬರತೀನಿ. ಇನ್ನೊಂದು ಹೇಳತೀನಿ ಕೇಳು. ಓಫೇಲಿಯಾ ನಿನ್ನ ಮ್ಯಾಲೆ ದೂರು ಹೇಳಲಿಲ್ಲ. ಆಶಾ ನನ್ನ ಗೆಳತಿ, ಆಕೀನ್ನ ಕೇಳ್ರಿ, ಆಕಿ ಖರೆ ಹೇಳತಾಳ ಅಂದ್ಲು.”

ಚಹಾ ಕುಡಿಯದೆಯೇ ಹೊರಟುಹೋದರು.

ಇವರು ಸೋಫಾದಲ್ಲಿ ಕೂತು, “ಯೋಚನೆ ಮಾಡುವ, ಅವಸರ ಬೇಡ” ಎಂದರು. ನಮ್ಮ ಮನೆಯಲ್ಲಿ ಹಾಗೆಂದರೆ ಮರೆತುಬಿಡುವ ಎಂದರ್ಥ. ನನಗೆ ವಾದ ಮಾಡುವ ಶಕ್ತಿ ಇರಲಿಲ್ಲ. ಅಡುಗೆಮನೆಗೆ ಹೋಗಿ ಚಟ್ನಿಯ ಭರಣಿ ತಂದು ಅವರ ಮೂಗಿನ ಹತ್ತಿರ ಹಿಡಿದೆ.

“ಪರಿಮಳ ಬರ್ತದಾ?”

“ಇಡೀ ಬಿಲ್ಡಿಂಗಿಗೆ ಬರ್ತದೆ ಮಾರಾಯ್ತಿ, ಮುಚ್ಚು.”

“ಓಫೇಲಿಯಾಗೆ ಬರುದಿಲ್ಲ. ನನ್ನ ಹದಿನೇಳು ವಾರ ಅವಳು ನಿಂತದ್ದು. ನಾನು ಅವಳ ಹಾಗೆ ನಿಂತಿದ್ರೆ ಇವತ್ತು ನನಗೆ ನಮ್ಮ ಮಗಳ ತಲೆಯ ಎಣ್ಣೆಯ ಪರಿಮಳವೂ ಸಿಗ್ತಿರಲಿಲ್ಲ. ಇದನ್ನು ಯೋಚನೆ ಮಾಡಿ.”

ಇವರು ಭರಣಿಯ ಮುಚ್ಚಳ ತಾವೇ ಹಾಕಿ ಒಳಗಿಟ್ಟು ಬಂದರು. ಬೆಳಿಗ್ಗೆ ಕಾಫಿ ಕೊಡುವಾಗ, “ಸೋಮವಾರ ರಜೆ ಹಾಕ್ತೇನೆ. ಕ್ಲಿನಿಕ್ಕಿಗೆ ನಾನೇ ಕರ್ಕೊಂಡು ಹೋಗ್ತೇನೆ” ಎಂದರು.

ಹೋಗುವ ಮೊದಲು ಗುಣಪಾಲನಿಗೆ ಫೋನು ಮಾಡಿ ಹೇಳಿದೆ. ಬೆನ್ನ ಹಿಂದೆ ಮಾಡುವುದು ಬೇಡವಾಗಿತ್ತು. ಅವನು, “ನಾನು ನಿಮಗೆ ಕೆಟ್ಟದು ಮಾಡಿದೆನಾ ಆಶಕ್ಕ?” ಎಂದ. ಅವನ ದನಿ ಒಡೆದಿತ್ತು.

“ಇಲ್ಲ ಗುಣಪಾಲ. ನನಗೆ ಒಳ್ಳೇದೇ ಮಾಡಿದ್ದಿ. ಆ ಒಳ್ಳೇದನ್ನು ಓಫೇಲಿಯಾಳ ಮೈಯಿಂದ ತೆಗೆದು ಕೊಟ್ಟದ್ದು, ಅಷ್ಟೆ. ತೆಗೆದುಕೊಂಡವಳು ನಾನು.”

ಕ್ಲಿನಿಕ್ಕಿನಲ್ಲಿ ಕಮಲಕ್ಕನ ಎದುರು ಎಲ್ಲ ಬರೆದುಕೊಟ್ಟೆ. ಹದಿನೇಳು ದಿನಾಂಕಗಳನ್ನೂ ಬರೆದು, ಈ ವಾರಗಳಲ್ಲಿ ಟ್ಯಾಂಕಿನ ಮುಂದೆ ನಿಂತವಳು ಓಫೇಲಿಯಾ, ನಾನಲ್ಲ ಎಂದೆ. ಅವತ್ತು ಅಕ್ಷರ ಚೆಂದವಾಗಲಿಲ್ಲ. ಜಯಂತಿ ಮೊದಲು ಬರುವುದಿಲ್ಲ ಎಂದಳು, ಮೂರು ದಿನ ಬಿಟ್ಟು ತಾನಾಗಿಯೇ ಬಂದಳು.

ಆಮೇಲೆ ಎಲ್ಲ ಸುಖವಾಯಿತು ಎಂದು ಬರೆದರೆ ನೀವು ನಂಬಬಾರದು. ಸರ್ಕಾರದ ತಪಾಸಣೆಯವರು ಬಂದರು. ಟ್ಯಾಂಕಿಗೆ ಆವಿ ಎಳೆಯುವ ಫ್ಯಾನು ಬಂತು, ಒಳ್ಳೆಯ ಕೈಗವಸು ಬಂತು. ಓಫೇಲಿಯಾಳ ಚಿಕಿತ್ಸೆಯ ಖರ್ಚನ್ನು ಕಂಪನಿ ಒಪ್ಪಿಕೊಂಡಿತು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಆದರೆ ಮೇಲಿನವರು ಆರು ತಿಂಗಳು ಮುಖ ಕೊಟ್ಟು ಮಾತಾಡಲಿಲ್ಲ. ಗುಣಪಾಲನನ್ನು ಬೇರೆ ಲೈನಿಗೆ ಹಾಕಿದರು. ಯುಗಾದಿಯ ಊಟದಲ್ಲಿ ಎದುರಾದಾಗ ಅವನು ತಟ್ಟೆ ಹಿಡಿದುಕೊಂಡು ಆಚೆ ಹೋದ. ಮನಸ್ಸಿಗೆ ನೋವಾಯಿತು, ಈಗಲೂ ಆಗುತ್ತದೆ.

ಈಗ ನನ್ನ ಪಾಳಿಗೆ ನಾನೇ ನಿಲ್ಲುತ್ತೇನೆ. ಫ್ಯಾನು ಇದ್ದರೂ ಮೊದಲ ದಿನ ತಲೆ ಸಿಡಿದುಹೋಯಿತು. ಇದರ ಮುಂದೆ ಅವಳು ಫ್ಯಾನಿಲ್ಲದೆ ನಿಂತಿದ್ದಳಲ್ಲ ಎಂದು ಅಲ್ಲೇ ಕಣ್ಣಲ್ಲಿ ನೀರು ಬಂತು. ಆ ಶುಕ್ರವಾರ ಹಾಕಿದ್ದು ನನ್ನ ಮೊದಲ ನಿಜವಾದ ಸಹಿ.

ಓಫೇಲಿಯಾ ಮತ್ತೆ ಕೆಲಸಕ್ಕೆ ಬರುತ್ತಾಳೆ, ಟ್ಯಾಂಕಿನಿಂದ ದೂರದ ಬೆಂಚಿನಲ್ಲಿ ಕೂರುತ್ತಾಳೆ. ವಾಸನೆ ತಿರುಗಿ ಬಂದರೂ ಬಂದೀತು, ಬರದೆಯೂ ಇರಬಹುದು ಎಂದಿದ್ದಾರೆ ಡಾಕ್ಟರು. ಪ್ರತಿ ಮಧ್ಯಾಹ್ನ ಅವಳು ನನ್ನ ಡಬ್ಬಿಯ ಮುಚ್ಚಳ ತಾನೇ ತೆಗೆದು ಬಗ್ಗುತ್ತಾಳೆ. ಕಣ್ಣು ಮುಚ್ಚಿ ಕಾಯುತ್ತಾಳೆ. ನಾನೂ ಕಾಯುತ್ತೇನೆ. ಅವಳು ತಲೆ ಅಲ್ಲಾಡಿಸುತ್ತಾಳೆ. ಆಮೇಲೆ ಊಟ ಮಾಡುತ್ತೇವೆ.

ಅಕ್ಕತಂಗಿಯರೇ, ನಿಮ್ಮ ಅನ್ನ ಬೆಂದಿರಬೇಕು. ಏಳುವ ಮೊದಲು ಇಷ್ಟು ಕೇಳಿ. ನೀವು ಮುಟ್ಟುವ ದ್ರಾವಣದಲ್ಲಿ ಏನಿದೆ ಎಂದು ತಿಳಿಸುವ ಹಾಳೆ ಪ್ರತಿ ಫ್ಯಾಕ್ಟರಿಯಲ್ಲಿ ಇರಬೇಕು. ಅದನ್ನು ಕೇಳಿ, ಅರ್ಥವಾಗದಿದ್ದರೆ ಕಮಲಕ್ಕನಂಥವರ ಹತ್ತಿರ ಒಯ್ಯಿರಿ. ತಲೆ ಸುತ್ತಿದರೆ, ಕೈ ಬಿರಿದರೆ ಸುಮ್ಮನಿರಬೇಡಿ. ಪಕ್ಕದಲ್ಲಿ ನಿಂತವಳ ಕೈಯನ್ನೂ ಒಮ್ಮೆ ನೋಡಿ. ಅವಳ ಭಾಷೆ ಬೇರೆಯಿರಲಿ, ಬಣ್ಣ ಬೇರೆಯಿರಲಿ, ಅವಳ ಬಳಿ ಈ ದೇಶದಲ್ಲಿರಲು ಬೇಕಾದ ಕಾಗದಪತ್ರ ಇರಲಿ ಇಲ್ಲದಿರಲಿ, ಕೆಲಸದಲ್ಲಿ ಗಾಯವಾದರೆ ಚಿಕಿತ್ಸೆ ಕೇಳುವ ಹಕ್ಕು ಅವಳಿಗೂ ಇದೆ ಎಂದು ಅವಳಿಗೆ ಹೇಳಿ. ಮತ್ತು ನಮ್ಮವರು ಯಾರಾದರೂ ಪ್ರೀತಿಯಿಂದ ನಿಮ್ಮನ್ನು ಕಷ್ಟದಿಂದ ತಪ್ಪಿಸಿದರೆ, ಆ ಕಷ್ಟ ಯಾರ ಪಾಲಿಗೆ ಹೋಯಿತು ಎಂದು ಕೇಳಿ.

ಈ ಶುಕ್ರವಾರ ನಿಮ್ಮ ಮುಂದೆಯೂ ಒಂದು ಹಾಳೆ ಬರಬಹುದು. ಆ ಕೆಲಸ ನೀವು ಮಾಡಿಲ್ಲವಾದರೆ ಸಹಿ ಹಾಕಬೇಡಿ. ಮಾಡಿದವಳ ಹೆಸರು ಬರೆಯಿರಿ.