ಸಿರಿಂಜ್ ಹೊಸದು, ಸೀಸೆ ಹಳೆಯದು

ಆಪರೇಷನ್ ಥಿಯೇಟರಿನಲ್ಲಿ ಬೆಳಗಿನ ಹೊತ್ತು ಹೇಗಿರುತ್ತದೆಂದು ಅಲ್ಲಿ ದುಡಿಯುವವರಿಗೆ ಹೇಳಬೇಕಾಗಿಲ್ಲ. ಹೊರಗೆ ಬೆಂಚಿನ ಮೇಲೆ ಖಾಲಿ ಹೊಟ್ಟೆಯಲ್ಲಿ ಕೂತ ರೋಗಿಗಳು, ಪಕ್ಕದಲ್ಲಿ ಚೀಲ ಹಿಡಿದುಕೊಂಡ ಮನೆಯವರು. ಒಳಗೆ ಗಳಿಗೆಗೊಮ್ಮೆ ಗಡಿಯಾರ ನೋಡುವ ಡಾಕ್ಟರು. ಒಂದು ಆಪರೇಷನ್ನಿನ ಹೊಲಿಗೆ ಮುಗಿಯುವಷ್ಟರಲ್ಲಿ ಇನ್ನೊಂದಕ್ಕೆ ಟ್ರೇ ಸಜ್ಜಾಗಿರಬೇಕು. ಇಂಥ ಗಡಿಬಿಡಿಯಲ್ಲಿ ಕೈ ತಾನಾಗಿಯೇ ಅಡ್ಡದಾರಿ ಹುಡುಕಿಕೊಳ್ಳುತ್ತದೆ.

ಸೂಜಿಯಕ್ಕನ ಕೈಯೂ ಹಾಗೆ ಹುಡುಕಿಕೊಂಡಿತ್ತು. ಆಕೆ ಥಿಯೇಟರಿನ ಹಿರಿಯ ನರ್ಸ್. ಆ ಹೆಸರಿಟ್ಟವರು ರೋಗಿಗಳೇ. ಎಂಥ ಸಣ್ಣ ನರವಾದರೂ ಅವಳಿಗೆ ಒಂದೇ ಚುಚ್ಚಿಗೆ ಸಿಕ್ಕಿಬಿಡುತ್ತಿತ್ತು. ಸೂಜಿ ಕಂಡರೆ ಮೈಲಿ ದೂರ ಓಡುವವರೂ ಅವಳೆದುರು ಸುಮ್ಮನೆ ತೋಳು ಚಾಚುತ್ತಿದ್ದರು. ಇದಲ್ಲದೆ ಅವಳಿಗೆ ಇನ್ನೊಂದು ಹೆಮ್ಮೆಯಿತ್ತು: ತನ್ನ ಕೈಯಲ್ಲಿ ಒಂದು ಹನಿ ಔಷಧಿಯೂ ಹಾಳಾಗುವುದಿಲ್ಲ ಎಂದು. ಸೀಸೆಯಲ್ಲಿ ಅರ್ಧ ಉಳಿದರೆ ಮುಂದಿನ ರೋಗಿಗೆ ತೆಗೆದಿಡುವಳು. ಡ್ರಿಪ್ಪಿನ ಟ್ಯೂಬಿಗೆ ನೋವಿನ ಔಷಧಿ ಹಾಕಿದ ಸಿರಿಂಜಿಗೆ ಸೂಜಿ ಮಾತ್ರ ಬದಲಾಯಿಸಿ ಮುಂದಿನವರಿಗೂ ಬಳಸುವಳು. ಬಳಸಿದ ಸೂಜಿಗೆ ಬೆರಳಲ್ಲೇ ಟೋಪಿ ತೊಡಿಸಿ ಟ್ರೇ ಮೂಲೆಗೆ ಸೇರಿಸುವಳು.

ಅವಳ ಅಣ್ಣನ ಹೆಂಡತಿಯೂ ನರ್ಸೇ. ಬೇರೆ ಕಡೆ ಇದ್ದವಳು, ಸೋಂಕು ತಡೆಯುವ ವಿಭಾಗದ ಹೊಣೆ ಹೊತ್ತು ಇದೇ ಆಸ್ಪತ್ರೆಗೆ ಬಂದಳು. ಒಂದೇ ಮನೆ, ಮೇಲಿನ ಮಹಡಿಯಲ್ಲಿ ನಾದಿನಿ, ಕೆಳಗೆ ಅತ್ತಿಗೆ. ಬಂದ ದಿನವೇ ಅತ್ತಿಗೆ ಥಿಯೇಟರಿನ ಮೂಲೆಯಲ್ಲಿ ನಿಂತು ಎಲ್ಲವನ್ನೂ ನೋಡಿದಳು. ನಾಲ್ಕು ಜನರ ಮುಂದೆ ತುಟಿ ಬಿಚ್ಚಲಿಲ್ಲ. ಸಂಜೆ ಅಡುಗೆಮನೆಯಲ್ಲಿ, ತರಕಾರಿ ಹೆಚ್ಚುತ್ತಾ, ಮೆಲ್ಲಗೆ ಮಾತು ತೆಗೆದಳು. ಸಿರಿಂಜನ್ನು ಇನ್ನೊಬ್ಬರಿಗೆ ಬಳಸಬಾರದು, ಸೂಜಿ ಬದಲಾಯಿಸಿದರೂ ಬಳಸಬಾರದು ಎಂದಳು.

ಸೂಜಿಯಕ್ಕನಿಗೆ ಮೂಗಿನ ತುದಿಗೆ ಕೋಪ ಬಂತು. "ಅತ್ತಿಗೆ, ಮನೇಲಿ ನೀವು ದೊಡ್ಡೋರು, ಒಪ್ಪಿದೆ. ಥಿಯೇಟರ್‌ನಲ್ಲಿ ನನಗೆ ಪಾಠ ಬೇಡ. ನಾನು ಹಾಕೋದು ಟ್ಯೂಬಿಗೆ, ಮೈಗೆ ಚುಚ್ಚೋದೇ ಇಲ್ಲ. ಸಿರಿಂಜಿಗೆ ರಕ್ತ ಎಲ್ಲಿಂದ ಬರುತ್ತೆ?"

ತಿಂಡಿಗೆ ಕೂತಿದ್ದ ಅಣ್ಣ ಗಾಳಿ ಬೀಸುವ ದಿಕ್ಕು ನೋಡಿ, ತಟ್ಟೆ ಎತ್ತಿಕೊಂಡು ಮೆಲ್ಲಗೆ ಹಜಾರಕ್ಕೆ ಜಾರಿಕೊಂಡ.

ಅತ್ತಿಗೆ ವಾದಕ್ಕೆ ಇಳಿಯಲಿಲ್ಲ. ಕೈ ಒರೆಸಿಕೊಂಡು ತನ್ನ ಚೀಲದಿಂದ ಸಾಮಾನು ತಂದು ಮೇಜಿನ ಮೇಲಿಟ್ಟಳು. ತರಬೇತಿಗೆಂದು ಇಟ್ಟುಕೊಂಡಿದ್ದ ಸಿರಿಂಜು, ಸೂಜಿಗಳು, ತಿಳಿನೀರು ತುಂಬಿದ ಮುಚ್ಚಳ ಬಿಗಿದ ಸಣ್ಣ ಸೀಸೆ. ಒಂದು ಲೋಟದಲ್ಲಿ ಗಾಢವಾದ ಕೆಂಪು ಬಣ್ಣ ಕಲಸಿದಳು. ಆ ಕೆಂಪು ನೀರೇ ರೋಗಿಯ ರಕ್ತ ಅಂದುಕೋ ಎಂದಳು. "ನೀನೇ ಮಾಡು. ನಿನ್ನ ಕೈಯಷ್ಟು ಚುರುಕು ನನ್ನ ಕೈ ಇಲ್ಲ."

ಸೂಜಿಯಕ್ಕ ಸವಾಲು ಬಿಡುವವಳಲ್ಲ. ಸೀಸೆಯಿಂದ ಸಿರಿಂಜಿಗೆ ತಿಳಿನೀರು ಎಳೆದು, ಅದನ್ನು ಕೆಂಪು ಲೋಟದೊಳಗೆ ಚುಚ್ಚಿ ಖಾಲಿ ಮಾಡಿದಳು. ಸೂಜಿ ತೆಗೆದು ಹೊಸದು ಸಿಕ್ಕಿಸಿದಳು. ಸಿರಿಂಜನ್ನು ಬೆಳಕಿಗೆ ಹಿಡಿದರೆ ಶುಭ್ರವಾಗಿಯೇ ಕಾಣುತ್ತಿತ್ತು. ಅತ್ತಿಗೆಯ ಕಡೆ ಒಂದು ಗೆದ್ದ ನೋಟ ಬೀರಿದಳು. ಆಮೇಲೆ ಯಾವಾಗಲೂ ಮಾಡುವಂತೆ, ಔಷಧಿ ಸಲೀಸಾಗಿ ಬರಲೆಂದು ಸೀಸೆಯೊಳಗೆ ಒಂದಿಷ್ಟು ಗಾಳಿ ತಳ್ಳಿ, ನೀರನ್ನು ಎಳೆದಳು.

ಎಳೆದ ನೀರು ತಿಳಿಯಾಗಿರಲಿಲ್ಲ. ಸೀಸೆಯನ್ನು ದೀಪಕ್ಕೆ ಹಿಡಿದು ನೋಡಿದಳು. ಅದರಲ್ಲಿ ಉಳಿದ ನೀರಿಗೂ ನಸುಗೆಂಪು ಹತ್ತಿತ್ತು.

ಕೈ ತಪ್ಪಿರಬೇಕು ಎಂದುಕೊಂಡು ಹೊಸ ಸಿರಿಂಜು, ಹೊಸ ಸೀಸೆ ತೆಗೆದುಕೊಂಡು ಮತ್ತೆ ಮಾಡಿದಳು. ಈ ಸಲ ಉಸಿರು ಬಿಗಿಹಿಡಿದು ಮಾಡಿದಳು. ಮತ್ತೆ ಅದೇ ಬಣ್ಣ.

"ಇದು ನಿನ್ನ ಕೈ ತಪ್ಪಲ್ಲ," ಎಂದಳು ಅತ್ತಿಗೆ. "ಸೂಜಿ ತೆಗೆಯೋವಾಗ ಸಿರಿಂಜು ಒಂಚೂರು ಒಳಗೆ ಎಳ್ಕೊಳ್ಳುತ್ತೆ. ಎಷ್ಟೇ ಹುಷಾರಾಗಿದ್ರೂ ಅಷ್ಟೇ. ಟ್ಯೂಬಲ್ಲೂ ರಕ್ತ ಹಿಂದಕ್ಕೆ ಬರುತ್ತೆ, ನಮ್ಮ ಕಣ್ಣಿಗೆ ಬೀಳಲ್ಲ. ಬಣ್ಣ ಆದ್ದರಿಂದ ಇವತ್ತು ಕಂಡಿತು. ವೈರಸ್ಸಿಗೆ ಬಣ್ಣ ಇಲ್ಲ."

ಸೂಜಿಯಕ್ಕನಿಗೆ ಆವತ್ತು ಊಟ ಸೇರಲಿಲ್ಲ. ಸೀಸೆಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತಿದ್ದವಳು ಕೊನೆಗೆ ಒಂದೇ ಮಾತು ಕೇಳಿದಳು: ನಾಳೆ ಮೊದಲು ಯಾರಿಗೆ ಹೇಳಬೇಕು? ಅತ್ತಿಗೆ ಅವಳ ತಟ್ಟೆಗೆ ಬಡಿಸಿ, ಇಬ್ಬರೂ ಒಟ್ಟಿಗೆ ಹೋಗಿ ಮುಖ್ಯ ವೈದ್ಯರಿಗೆ ಹೇಳೋಣ ಎಂದಳು.

ಹಾಗೆಯೇ ಹೇಳಿದರು. ಮುಖ್ಯ ವೈದ್ಯೆ ಬೈಯುತ್ತಾರೆ ಎಂದು ಸೂಜಿಯಕ್ಕ ಎದೆ ಗಟ್ಟಿಮಾಡಿಕೊಂಡು ನಿಂತಿದ್ದಳು. ಆಕೆ ಬೈಯಲಿಲ್ಲ. ಇತ್ತೀಚೆಗೆ ಅಲ್ಲಿ ಆಪರೇಷನ್ ಆದವರನ್ನೆಲ್ಲ ಕರೆಸಿ, ಕಾರಣ ಮುಚ್ಚಿಡದೆ ತಿಳಿಸಿ, ರಕ್ತ ಪರೀಕ್ಷೆ ಮಾಡಿಸಲು ಏರ್ಪಾಟು ಮಾಡಿದರು. ಪುಣ್ಯಕ್ಕೆ ಯಾರಿಗೂ ಏನೂ ಆಗಿರಲಿಲ್ಲ. ಅದು ಅದೃಷ್ಟ, ಅದೃಷ್ಟವನ್ನು ನಂಬಿ ಥಿಯೇಟರ್ ನಡೆಸಲಾಗುವುದಿಲ್ಲ ಎಂದು ಸೂಜಿಯಕ್ಕನಿಗೆ ಅರ್ಥವಾಗಿತ್ತು.

ಅವಳ ಟ್ರೇ ಬದಲಾಯಿತು. ಒಬ್ಬ ರೋಗಿಗೆ ಒಂದು ಸಿರಿಂಜು, ಒಂದು ಸೂಜಿ, ಅದೂ ಒಂದೇ ಸಲಕ್ಕೆ. ಒಬ್ಬರಿಗೆಂದು ಇರುವ ಸೀಸೆಯಲ್ಲಿ ಎಷ್ಟೇ ಉಳಿದರೂ ಅದು ಕಸಕ್ಕೆ. ಬಳಸಿದ ಸೂಜಿಗೆ ಟೋಪಿ ತೊಡಿಸುವ ಅಭ್ಯಾಸ ಬಿಡುವುದು ಮಾತ್ರ ಕಷ್ಟವಾಯಿತು; ಬೆರಳು ತಾನಾಗಿ ಟೋಪಿ ಹುಡುಕುತ್ತಿತ್ತು. ಅದಕ್ಕೇ ಗಟ್ಟಿ ಪ್ಲಾಸ್ಟಿಕ್ಕಿನ ಸೂಜಿ ಡಬ್ಬಿಯನ್ನು ಕೈಗೆಟುಕುವ ಹಾಗೆ ಪಕ್ಕದಲ್ಲೇ ಇಟ್ಟುಕೊಂಡಳು. ಚುಚ್ಚಿದ ಸೂಜಿ ನೇರ ಅದರೊಳಗೆ ಬೀಳತೊಡಗಿತು.

ಆದರೆ ಥಿಯೇಟರ್ ಎಂದರೆ ಒಬ್ಬರ ಕೈ ಅಲ್ಲ. ಅಲ್ಲಿ ಅರಿವಳಿಕೆ ಕೊಡುವ ಡಾಕ್ಟರಿದ್ದರು. ಎಲ್ಲದರಲ್ಲೂ ವೇಗ, ಅದಕ್ಕೆ ಎಲ್ಲರೂ ಹಿಂದಿನಿಂದ ಅವರನ್ನು ಚಕಚಕ ಡಾಕ್ಟರು ಎನ್ನುತ್ತಿದ್ದರು. ಕೆಟ್ಟವರಲ್ಲ. ರೋಗಿಯ ತಲೆ ಸವರಿ, ಮಕ್ಕಳೆಷ್ಟು ಎಂದು ಕೇಳುತ್ತಲೇ ನಿದ್ದೆ ಬರಿಸುವವರು. ಈ ಹೊಸ ಕಟ್ಟುನಿಟ್ಟನ್ನು ಮಾತ್ರ ಅತ್ತಿಗೆ ನಾದಿನಿಯರ ಮಡಿ ಎಂದು ನಗುತ್ತಿದ್ದರು.

ಒಂದು ಬೆಳಗ್ಗೆ ಕಟ್ಟಡದಿಂದ ಬಿದ್ದ ಗಾರೆಯವನೊಬ್ಬನನ್ನು ತಂದರು. ತೋಳಿನ ಮೂಳೆ ಚರ್ಮ ಸೀಳಿ ಹೊರಬಂದಿತ್ತು. ರಕ್ತ ಪರೀಕ್ಷೆಗೆ ಕಳಿಸಿದರೂ ವರದಿಗೆ ಕಾಯುವ ಸಮಯವಲ್ಲ; ತಕ್ಷಣ ಟೇಬಲ್ಲಿಗೆ ಹತ್ತಿಸಿದರು. ಡಾಕ್ಟರು ಮಂಪರು ಬರಿಸುವ, ಹಾಲಿನಂಥ ಬಿಳಿ ಔಷಧಿ ಕೊಟ್ಟರು. ನಡುವೆ ಅವನು ಕದಲಿದಾಗ ಅದೇ ಸಿರಿಂಜನ್ನು ಮತ್ತೆ ಸೀಸೆಗೆ ಚುಚ್ಚಿ, ಇನ್ನಷ್ಟು ಎಳೆದು ಕೊಟ್ಟರು. ಸೂಜಿಯಕ್ಕನ ಕಣ್ಣಿಗೆ ಅದು ಬಿತ್ತು; ಸೀಸೆ ಆಮೇಲೆ ಕಸಕ್ಕೇ ತಾನೇ ಎಂದುಕೊಂಡಳು. ತೋಳು ಉಳಿಯಿತು, ಆಪರೇಷನ್ ಚೆನ್ನಾಗಿ ಮುಗಿಯಿತು.

ಮುಂದಿನ ಸರದಿ ಹರ್ನಿಯಾ ಆಪರೇಷನ್ನಿನ ಬಸ್ ಚಾಲಕನದು. ದಪ್ಪ ಮೀಸೆಯ, ಬಾಯಿ ತುಂಬ ಮಾತಿನ ಮನುಷ್ಯ. ಟೇಬಲ್ಲಿನ ಮೇಲೆ ಮಲಗಿಯೂ ಮಾತು ನಿಲ್ಲಿಸಿರಲಿಲ್ಲ. ಸ್ಟಾಕು ಕಡಿಮೆಯಾಗಿ, ಥಿಯೇಟರಿನ ಕಪಾಟಿನಲ್ಲಿ ಆ ಬಿಳಿ ಔಷಧಿ ಮುಗಿದಿತ್ತು. ಗಾರೆಯವನಿಗೆ ತೆರೆದ ಸೀಸೆಯಲ್ಲಿ ಅರ್ಧ ಉಳಿದಿತ್ತು. ಡಾಕ್ಟರು ಹೊಸ ಸಿರಿಂಜು ಕೇಳಿ, ಆ ಸೀಸೆಗೆ ಕೈ ಚಾಚಿದರು.

ಸೂಜಿಯಕ್ಕ ಸೀಸೆಯ ಮೇಲೆ ಅಂಗೈ ಇಟ್ಟಳು.

"ಸಿರಿಂಜು ಹೊಸದು, ಸೂಜಿ ಹೊಸದು. ಇನ್ನೇನಾಗಬೇಕು ನಿಮಗೆ?" ಎಂದರು ಡಾಕ್ಟರು.

"ಸೀಸೆ ಹಳೇದು ಸರ್."

ಮೊದಲ ರೋಗಿಗೆ ಬಳಸಿದ ಸಿರಿಂಜು ಮತ್ತೆ ಇದರೊಳಗೆ ಹೋಗಿದೆ, ಇನ್ನು ಎಷ್ಟು ಹೊಸ ಸಿರಿಂಜು ಹಾಕಿದರೂ ಬರುವುದು ಇದೇ ಔಷಧಿ ಎಂದಳು. ಡಾಕ್ಟರು ಏನೋ ಹೇಳಲು ಬಾಯಿ ತೆರೆಯುವ ಮೊದಲೇ ಸೀಸೆಯನ್ನೆತ್ತಿ ಕಸದ ಬುಟ್ಟಿಗೆ ಹಾಕಿಬಿಟ್ಟಳು. ಡಾಕ್ಟರ ಮುಖ ಮಾಸ್ಕಿನ ಮೇಲೂ ಕೆಂಪಗೆ ಕಾಣುತ್ತಿತ್ತು. ತಡವಾಗುವುದಕ್ಕೆ ಯಾರು ಹೊಣೆ ಎಂದು ಕೇಳಿದರು. ತಾನೇ ಹೊಣೆ ಎಂದಳು ಸೂಜಿಯಕ್ಕ. ಅಷ್ಟರಲ್ಲಿ ಸುದ್ದಿ ಮುಟ್ಟಿ, ಅತ್ತಿಗೆ ಇನ್ನೊಂದು ಕಟ್ಟಡದ ಔಷಧಿ ಕೋಣೆಗೆ ಹೊರಟಾಗಿತ್ತು.

ಟೇಬಲ್ಲಿನ ಮೇಲಿದ್ದ ಚಾಲಕ ತಲೆ ಎತ್ತಿ ಏನು ವಿಷಯ ಎಂದು ಕೇಳಿದ. ಅವನಿಗಾಗಿ ಹೊಸ ಔಷಧಿ ಬರುತ್ತಿದೆ, ಸ್ವಲ್ಪ ಕಾಯಬೇಕು ಎಂದಳು.

"ಬರಲಿ ಬಿಡಿ ಸಿಸ್ಟರ್," ಎಂದ ಅವನು. "ಸ್ಟ್ಯಾಂಡಲ್ಲಿ ದಿನಾ ಜನರನ್ನ ಕಾಯಿಸ್ತೀನಿ. ಇವತ್ತು ನನ್ನ ಸರದಿ."

ಮೂಲೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅತ್ತಿಗೆ ಏದುಸಿರು ಬಿಡುತ್ತಾ ಹೊಸ ಸೀಸೆಗಳ ಪೆಟ್ಟಿಗೆ ತಂದುಕೊಟ್ಟಳು. ಡಾಕ್ಟರು ಅದರಿಂದಲೇ ಕೆಲಸ ಮುಗಿಸಿದರು. ಸೂಜಿಯಕ್ಕನ ಮುಖವನ್ನೂ ನೋಡಲಿಲ್ಲ.

ಅವರು ಕೈ ತೊಳೆಯುತ್ತಿದ್ದಾಗ ಪ್ರಯೋಗಾಲಯದಿಂದ ಫೋನ್ ಬಂತು. ಗಾರೆಯವನ ವರದಿ. ಲಿವರನ್ನು ಸದ್ದಿಲ್ಲದೆ ತಿನ್ನುವ ಹೆಪಟೈಟಿಸ್ ಸಿ ಅವನ ರಕ್ತದಲ್ಲಿತ್ತು. ಪಾಪ, ಅದು ಅವನಿಗೇ ಗೊತ್ತಿರಲಿಲ್ಲ. ಮುಖ ನೋಡಿ ಯಾರೂ ಹೇಳುವಂತಿರಲಿಲ್ಲ.

ಡಾಕ್ಟರು ನಲ್ಲಿ ನಿಲ್ಲಿಸಿ ಹಾಗೇ ನಿಂತರು. ಆಗಲೇ ಚಾಲಕನ ಸ್ಟ್ರೆಚರು ಮುಂದೆ ಹಾದುಹೋಯಿತು. ಅರೆನಿದ್ದೆಯಲ್ಲೂ ಅವನು ಯಾರನ್ನೋ ಬಾಗಿಲ ಹತ್ತಿರ ನಿಲ್ಲಬೇಡಿ, ಒಳಗೆ ಹೋಗಿ ಎಂದು ಗದರುತ್ತಿದ್ದ. ಹೊರಗೆ ಅವನ ಹೆಂಡತಿ ಕಣ್ಣೊರೆಸಿಕೊಂಡು ನಗುತ್ತಿದ್ದಳು.

ಡಾಕ್ಟರು ಸೂಜಿಯಕ್ಕನ ಹತ್ತಿರ ಬಂದರು. "ನೀವು ತಡೀದೇ ಇದ್ದಿದ್ರೆ, ಇಷ್ಟು ಹೊತ್ತಿಗೆ ನಾನೇ ಅದನ್ನ ಅವನ ಮೈಗೆ..."

"ಆಗಲಿಲ್ಲವಲ್ಲ ಸರ್," ಎಂದಳು ಅವಳು. ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ಅವಳ ಕಣ್ಣೂ ತುಂಬಿ ಬಂತು. ಎಷ್ಟೋ ನರ ಹಿಡಿದು ಹೆಸರು ಗಳಿಸಿದವಳಿಗೆ, ಒಂದು ಸೀಸೆ ಎಸೆದ ಆ ದಿನ ಸಿಕ್ಕ ಸಂತೋಷ ಹಿಂದೆಂದೂ ಸಿಕ್ಕಿರಲಿಲ್ಲ.

ಡಾಕ್ಟರು ತಾವೇ ಗಾರೆಯವನ ಹಾಸಿಗೆಯ ಬಳಿ ಕೂತು, ಇದಕ್ಕೆ ಔಷಧಿ ಇದೆ, ವಾಸಿಯಾಗುತ್ತದೆ, ನಿನ್ನ ತಪ್ಪೇನೂ ಇಲ್ಲ ಎಂದು ಧೈರ್ಯ ಹೇಳಿದರು. ಆ ವಾರವೇ ಥಿಯೇಟರಿನ ಎಲ್ಲರನ್ನೂ ಸೇರಿಸಿದರು. ಸರ್ಜನ್ನರು, ನರ್ಸುಗಳು, ನೆಲ ಒರೆಸುವವರು, ಯಾರನ್ನೂ ಬಿಡಲಿಲ್ಲ. ಎಲ್ಲರ ಮುಂದೆ ಎದ್ದು ನಿಂತು, "ನಾಳೆಯಿಂದ ಯಾರ ಕೈ ತಪ್ಪಿದರೂ ತಡೀರಿ. ಮೊದಲು ನನ್ನ ಕೈ ತಡೀರಿ," ಎಂದರು. ಚಪ್ಪಾಳೆ ನಿಲ್ಲಲು ಹೊತ್ತು ಹಿಡಿಯಿತು.

ಈಗ ಆ ಥಿಯೇಟರಿನಲ್ಲಿ ಕತ್ತರಿ, ಚಾಕು ಕೈಯಿಂದ ಕೈಗೆ ಹೋಗುವುದಿಲ್ಲ. ನಡುವೆ ಒಂದು ಟ್ರೇಯಲ್ಲಿಟ್ಟು ದಾಟಿಸುತ್ತಾರೆ. ಯಾರಿಗಾದರೂ ಸೂಜಿ ಚುಚ್ಚಿದರೆ ಬೆರಳು ಹಿಂಡುತ್ತಾ ಬಚ್ಚಿಡುವುದಿಲ್ಲ. ಸೋಪು ನೀರಲ್ಲಿ ತೊಳೆದು, ಆಗಿಂದಾಗಲೇ ತಿಳಿಸಿ, ಚಿಕಿತ್ಸೆ ಪಡೆಯುತ್ತಾರೆ. ಇದೇ ರೀತಿ ರಕ್ತದಿಂದ ಹರಡುವ ಹೆಪಟೈಟಿಸ್ ಬಿಗೆ ಲಸಿಕೆ ಹಾಕಿಸಿಕೊಳ್ಳದೆ ಉಳಿದವರು ಒಬ್ಬರೂ ಇಲ್ಲ. ಅಕ್ಕಪಕ್ಕದ ಆಸ್ಪತ್ರೆಗಳವರು ಬಂದು ನೋಡಿ ಹೋಗುತ್ತಾರೆ, ಅತ್ತಿಗೆ ನಾದಿನಿಯರಿಬ್ಬರೂ ಜೊತೆಯಾಗಿ ನಿಂತು ತೋರಿಸುತ್ತಾರೆ. ಯಾರು ಹೆಚ್ಚು ಮಾತಾಡಬೇಕು ಎಂಬ ಜಗಳ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

ಥಿಯೇಟರಿನಲ್ಲಿ ದುಡಿಯುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಟೇಬಲ್ಲಿನ ಮೇಲೆ ಮಲಗಿದವರು ಕಣ್ಣು ಮುಚ್ಚಿರುತ್ತಾರೆ. ಅವರ ಪರವಾಗಿ ಕಣ್ಣು ತೆರೆದಿರಬೇಕಾದವರು ನೀವು. ತಡೆದು ಹೇಳಲು ಹುದ್ದೆ ಬೇಕಿಲ್ಲ, ಬಾಯಿ ಇದ್ದರೆ ಸಾಕು. ಆಪರೇಷನ್ನಿಗೆ ಹೋಗುವವರೇ, ಅವರ ಮನೆಯವರೇ, ನೀವೂ ಸಂಕೋಚ ಪಡಬೇಡಿ. ನಮಗೆ ಹೊಸ ಸಿರಿಂಜು, ಹೊಸ ಸೀಸೆ ತಾನೇ ಎಂದು ಕೇಳಿ. ಒಳ್ಳೆಯ ಆಸ್ಪತ್ರೆ ಆ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಇವತ್ತು ನಿಮ್ಮ ಟ್ರೇಯಲ್ಲಿ ಅರ್ಧ ಉಳಿದ ಸೀಸೆ ಇದೆಯೇ? ಮುಂದಿನ ರೋಗಿ ಒಳಗೆ ಬರುವ ಮೊದಲೇ ಅದನ್ನು ಎಸೆದುಬಿಡಿ.