ಸಾಬೂನಿನ ಗೆರೆ

ಕಬ್ಬಿಣ ಕಾದರೆ ಕೆಂಪಗಾಗಿ ತಾನೇ ಹೇಳುತ್ತದೆ. ಅಲ್ಯೂಮಿನಿಯಂ ಏನೂ ಹೇಳುವುದಿಲ್ಲ. ಭಟ್ಟಿಯಿಂದ ಈಗಷ್ಟೇ ತೆಗೆದ ತಟ್ಟೆಯಗಲದ ಬಿಲ್ಲೆಯನ್ನೂ ನಿನ್ನೆಯ ಬಿಲ್ಲೆಯನ್ನೂ ಪಕ್ಕಪಕ್ಕ ಇಡಿ, ಎರಡೂ ಒಂದೇ ಬಿಳಿ. ಅದಕ್ಕೇ ಹಳಿಯಾಳದ ನಮ್ಮ ಪಾತ್ರೆ ಕಾರ್ಖಾನೆಯಲ್ಲಿ ಭಟ್ಟಿಯ ಪಕ್ಕ ಯಾವಾಗಲೂ ಬಟ್ಟೆ ಒಗೆಯುವ ಸಾಬೂನು ಇರುತ್ತದೆ.

ಲೇಥಿನ ಮೇಲೆ ಒತ್ತಿ ಡಬರಿ ಮಾಡುವ ಮೊದಲು ಬಿಲ್ಲೆಯನ್ನು ಕಾಯಿಸಿ ಮೆತ್ತಗೆ ಮಾಡಬೇಕು. ಭಟ್ಟಿಗೆ ಹಾಕುವಾಗ ಪ್ರತಿ ಬಿಲ್ಲೆಗೂ ಒಂದು ಸಾಬೂನಿನ ಗೆರೆ ಎಳೆಯುತ್ತೇವೆ. ಗೆರೆ ಕಂದಾಗಿ ಕಪ್ಪಿಗೆ ತಿರುಗಿತೆಂದರೆ ಆಯಿತು, ಇಕ್ಕಳದಿಂದ ತೆಗೆದು ಫ್ಯಾನಿನ ಕೆಳಗೆ ಒಟ್ಟುತ್ತೇವೆ. ಆರಿದ ಮೇಲೆ ಭಟ್ಟಿಯವನು ಅಂಗೈ ಇಟ್ಟು ನೋಡಿ, ಒಣ ಅರಿವೆಯಿಂದ ಗೆರೆ ಒರೆಸುತ್ತಾನೆ. ಗೆರೆ ಇದ್ದರೆ ಬಿಸಿ, ಒರೆಸಿದ್ದರೆ ತಣ್ಣಗೆ. ಬೋರ್ಡಿನ ಮೇಲೆ ಬರೆದದ್ದಲ್ಲ ಇದು, ನಡೆದುಕೊಂಡು ಬಂದದ್ದು.

ಭಟ್ಟಿಯವನು ಪೆದ್ರು. ಕುಂಬಾರವಾಡದ ಕಡೆಯ ಸಿದ್ದಿ ಜನಾಂಗದವನು. ಹೆಂಡತಿ ಸ್ಟೆಲ್ಲಾ ಊರಲ್ಲಿ ಗದ್ದೆ ನೋಡಿಕೊಳ್ಳುತ್ತಾಳೆ, ಇವನು ಇಲ್ಲಿ ಬಾಡಿಗೆ ಖೋಲಿಯಲ್ಲಿ. ಮಾತು ಕಡಿಮೆ. ಅವನು ಒರೆಸಿದ ಬಿಲ್ಲೆಯನ್ನು ಯಾರೂ ಎರಡನೇ ಸಲ ಮುಟ್ಟಿ ನೋಡುತ್ತಿರಲಿಲ್ಲ. ಎತ್ತಿ ಲೇಥಿಗೆ ಒಯ್ಯುವವಳು ನಾಜಿಯಾ. ಬಾಯಿ ಜೋರು, ಕೆಲಸ ಅದಕ್ಕಿಂತ ಜೋರು.

"ಪೆದ್ರುಮಾಮಾನ ಕೈ ಮ್ಯಾಲೆ ಚಾ ಕಾಯಿಸಬಹುದು ನೋಡ್ರಿ ದುರ್ಗಪ್ಪಕಾಕಾ," ಅನ್ನುತ್ತಿದ್ದಳು ನನಗೆ.

"ಸಿದ್ದ್ಯಾರ ಚರ್ಮನ ಹಂಗ," ಅನ್ನುತ್ತಿದ್ದ ಲೇಥಿನ ಲೋಕೇಶ.

ಯಾರ ಚರ್ಮವೂ ಹಾಗಿರುವುದಿಲ್ಲ. ಆದರೆ ಪೆದ್ರು ನಗುತ್ತಿದ್ದ, ನಾವೂ ನಗುತ್ತಿದ್ದೆವು. ಮೇಸ್ತ್ರಿ ನಾನು. ಅದಕ್ಕಿಂತ ಮುಂದಕ್ಕೆ ಯೋಚಿಸಲಿಲ್ಲ.

ದೀಪಾವಳಿ ಆದ ಮೇಲೆ ಒಂದು ಮುಂಜಾನೆ ಕರೆಂಟು ಹೋಯಿತು. ಫ್ಯಾನು ನಿಂತಿತು, ಲೇಥು ನಿಂತವು. ಭಟ್ಟಿ ಡೀಸೆಲ್ಲಿನದು, ಅದು ಉರಿಯುತ್ತಲೇ ಇತ್ತು. ಪೆದ್ರು ಒಂದು ಒಟ್ಟು ತೆಗೆದಿಟ್ಟು ಬಾಗಿಲ ಹೊರಗೆ ಹೋಗಿ ಬೀಡಿ ಸೇದಿ ಬಂದ. ಬಂದು ಗೆರೆ ಒರೆಸಿದ. ಕರೆಂಟು ಬಂತು. ನಾಜಿಯಾ ಎರಡೂ ಕೈಯಲ್ಲಿ ಬಿಲ್ಲೆ ಎತ್ತಿದಳು, ಮರುಕ್ಷಣ ಬಿಟ್ಟಳು. ಬಿಲ್ಲೆ ಸಿಮೆಂಟಿನ ನೆಲದ ಮೇಲೆ ಗಿರಗಿರ ತಿರುಗಿ ಮಲಗಿತು.

"ವರಸಿತ್ತಲ್ಲ ಕಾಕಾ," ಅಂದಳು. ಬೆರಳ ತುದಿಗಳನ್ನು ನೋಡಿಕೊಳ್ಳುತ್ತ ಮತ್ತೊಮ್ಮೆ ಅದನ್ನೇ ಅಂದಳು. "ವರಸಿತ್ತು."

ಪೆದ್ರು ಬಂದ. ನೆಲದ ಮೇಲಿದ್ದ ಬಿಲ್ಲೆಯನ್ನು ಬರಿಗೈಯಲ್ಲಿ ಎತ್ತಿದ. ಒಂದು ಮಗ್ಗುಲು ನೋಡಿದ, ಇನ್ನೊಂದು ಮಗ್ಗುಲು ನೋಡಿದ. ನನ್ನ ಕಡೆ ಚಾಚಿದ.

"ತಣ್ಣಗ ಐತಲ್ರಿ."

ನಾನು ಹಿಡಿಯಲು ಹೋಗಿ ಕೈ ಎಳೆದುಕೊಂಡೆ. ಅವನು ಹಿಡಿದೇ ಇದ್ದ. ಚರ್ಮ ಸುಟ್ಟ ವಾಸನೆ ನನಗೆ ಬಂತು, ನಾಜಿಯಾಗೆ ಬಂತು. ಅವನಿಗೂ ಬಂದಿರಬೇಕು, ಎಲ್ಲಿಂದ ಎಂದು ಆಚೀಚೆ ನೋಡಿದ.

"ಕೆಳಗ ಇಡು ಪೆದ್ರು," ಅಂದೆ. ಇಟ್ಟ.

ನಾಜಿಯಾಳ ಕೈಯನ್ನು ಒಂದು ಬಕೆಟ್ಟಿನ ನೀರಲ್ಲಿ ಇರಿಸಿ, ಇವನನ್ನು ನಲ್ಲಿಗೆ ಕರೆದೊಯ್ದೆ. ಅಂಗೈ ಬೆಳ್ಳಗೆ ಎದ್ದಿತ್ತು. ಅದರ ಮೇಲೆ ನೀರು ಬೀಳುವುದನ್ನು ಬೇರೆ ಯಾರದೋ ಕೈ ತೊಳೆಯುತ್ತಿರುವ ಹಾಗೆ ನೋಡುತ್ತ ನಿಂತ.

"ಯಾವಾಗಿಂದ?"

"ಮಳಿ ಹಿಡಿದಾಗಿಂದ. ಕೈ ಪಳಗಿತು ಅನಕೊಂಡಿದ್ನಿ. ನೀವೂ ಹಂಗ ಅಂತಿದ್ರಿ."

"ಮತ್ತ ಆರಿದ್ದು ಹೆಂಗ ಗೊತ್ತಾಗತಿತ್ತು?"

"ಒಂದ ಬೀಡಿ ಮುಗಿಯೂದ್ರಾಗ ಆರತಿತ್ರಿ."

ಅದು ಫ್ಯಾನು ತಿರುಗುತ್ತಿದ್ದಾಗಿನ ಬೀಡಿ. ಅವನಿಗೇ ತಿಳಿಯಿತು. ನಲ್ಲಿ ಬಂದ್ ಮಾಡಿದ.

ಇಬ್ಬರನ್ನೂ ತಾಲೂಕು ಆಸ್ಪತ್ರೆಗೆ ಕರೆದೊಯ್ದೆ. ನಾಜಿಯಾಗೆ ಮುಲಾಮು ಹಚ್ಚಿ ಪಟ್ಟಿ ಕಟ್ಟಿದರು. ಪೆದ್ರುಗೆ ಕಣ್ಣು ಮುಚ್ಚಲು ಹೇಳಿ ಡಾಕ್ಟರಮ್ಮ ಪೆನ್ನಿನ ತುದಿಯಿಂದ ಒಂದೊಂದೇ ಕಡೆ ಮುಟ್ಟಿದರು. ಭುಜದ ಹತ್ತಿರ ಹೂಂ ಅಂದ. ಮೊಣಕೈ ಕೆಳಗೆ, ಬಣ್ಣ ತಿಳಿಯಾಗಿದ್ದ ಜಾಗದಲ್ಲಿ ಮುಟ್ಟಿದಾಗ ಸುಮ್ಮನಿದ್ದ. ಬೆರಳುಗಳನ್ನು ಮುಟ್ಟಿದಾಗಲೂ ಅಷ್ಟೇ.

"ತಾಕ್ತಾ?" ಅಂದರು.

"ಕಾಂಯ್ ನಾ," ಅಂದ, ತನ್ನ ಮನೆಮಾತು ಕೊಂಕಣಿಯಲ್ಲಿ. ಏನೂ ಇಲ್ಲ.

ಕುಷ್ಠ ಅಂದರು. ಮಾತ್ರೆ ಪುಕ್ಕಟೆ, ತಪ್ಪದೆ ತಗೊಂಡರೆ ವಾಸಿಯಾಗುತ್ತದೆ, ಮಾತ್ರೆ ಶುರುವಾದ ಮೇಲೆ ಇನ್ನೊಬ್ಬರಿಗೆ ಹರಡುವುದಿಲ್ಲ. ಆದರೆ ಹೋದ ಸ್ಪರ್ಶ ಎಷ್ಟು ತಿರುಗಿ ಬರುತ್ತದೋ ಹೇಳಲು ಬರುವುದಿಲ್ಲ ಅಂದರು. ಪೆದ್ರು ತಲೆಯಾಡಿಸಿದ. ಹೊರಗೆ ಬಂದು ಒಂದೇ ಕೇಳಿದ. "ಭಟ್ಟಿ ಬಿಡಬೇಕೇನ್ರಿ?"

ಗಾಯ ಮಾಗಿ ಅವನು ತಿರುಗಿ ಬಂದ ದಿನ ಲೋಕೇಶ ತನ್ನ ಊಟದ ಡಬ್ಬಿ ಎತ್ತಿಕೊಂಡು ಆಚೆ ಗೋಡೆಯ ಹತ್ತಿರ ಹೋದ. ನಾನು ಡಾಕ್ಟರಮ್ಮನ ಮಾತು ಹೇಳಿ, ನನ್ನ ಡಬ್ಬಿಯನ್ನು ಪೆದ್ರು ಪಕ್ಕ ಇಟ್ಟು ಕುಳಿತೆ. ಲೋಕೇಶ ಅಲ್ಲಿಂದ ಕದಲಲಿಲ್ಲ. ಪೆದ್ರು ರೊಟ್ಟಿ ಮುರಿದು ತಿಂದ. ಅವನಿಗೆ ಅದೂ ತಾಕಲಿಲ್ಲವೋ ಏನೋ.

ಮಾಲಕರು ಬೆಳಗಾವಿಯಿಂದ ಫೋನು ಮಾಡಿದರು. ಕಸ ಗುಡಿಸಲು ಹಚ್ಚು, ಇಲ್ಲ ಊರಿಗೆ ಕಳಿಸು ಅಂದರು. ಇಕ್ಕಳ ಹಿಡಿಯಲು ಕೈಗವಸು ಸಾಕು, ಗೆರೆಯ ಬಣ್ಣ ನೋಡಲು ಕಣ್ಣು ಸಾಕು, ಅವನ ಕಣ್ಣು ನೆಟ್ಟಗಿವೆ ಅಂದೆ. "ಸುಟ್ಟಕೊಂಡಾಕಿ ಒಪ್ಪಿದ್ರ ಇರ್ಲಿ" ಅಂದರು ಅವರು.

ನಾಜಿಯಾ ಆಗ ಪಟ್ಟಿ ಬಿಚ್ಚಿ ಕೆಲಸಕ್ಕೆ ಬಂದಿದ್ದಳು. ಬೆರಳಿಗೆ ಹೊಸ ಚರ್ಮ ಬಂದಿತ್ತು. ಅವಳನ್ನು ಬಾಗಿಲ ಹೊರಗೆ ಕರೆದು ಮಾಲಕರ ಮಾತು ಹೇಳಿದೆ.

"ಹೇಳಬೇಕಿತ್ತಿಲ್ಲೋ ಅಂವಾ?"

"ಹೇಳಬೇಕಿತ್ತು."

"ಬೀಡಿ ಮ್ಯಾಲೆ ನನ್ನ ಕೈ ಇಟ್ಟಾನ ಕಾಕಾ."

"ಹೂಂ."

ಒಳಗೆ ಪೆದ್ರು ಭಟ್ಟಿಯ ಮುಂದೆ ಕುಳಿತಿದ್ದ. ಭಟ್ಟಿ ಹಚ್ಚಿರಲಿಲ್ಲ. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ನಾಜಿಯಾ ನನ್ನನ್ನು ಬಿಟ್ಟು ಒಳಗೆ ಹೋದಳು, ಅವನ ಹೆಗಲ ಮೇಲಿದ್ದ ಅರಿವೆ ಎಳೆದುಕೊಂಡಳು.

"ಗೆರಿ ನೀ ಎಳಿ ಮಾಮಾ. ವರಸೂದು ನಾ. ನನಗಿನ್ನೂ ಉರಿ ಗೊತ್ತಾಗತೈತಿ."

"ಆತು."

"ಬೀಡಿನೂ ಬಿಡು ಅಂದ್ರ ಬಿಡಾಂಗಿಲ್ಲ ನೀ."

ಅವನು ಕೈಗವಸು ಹಾಕಿಕೊಂಡು ಸಾಬೂನು ತೆಗೆದುಕೊಂಡ.

ಮೊದಲ ಒಟ್ಟು ಹೊರಗೆ ಬಂದು ಫ್ಯಾನಿನ ಕೆಳಗೆ ಕುಳಿತಿತು. ಪೆದ್ರು ಕೈಗವಸು ಬಿಚ್ಚಿದ. ರೂಢಿ. ಅಂಗೈಯನ್ನು ಬಿಲ್ಲೆಯ ಹತ್ತಿರ ಒಯ್ದು, ಮುಟ್ಟದೆ, ಹಾಗೇ ಗಾಳಿಯಲ್ಲಿ ಹಿಡಿದು ನಾಜಿಯಾಳ ಮುಖ ನೋಡಿದ.

ಅವಳು ಒಂದು ಬೆರಳು ತಾಗಿಸಿ ತೆಗೆದಳು. ಇನ್ನೂ ಆರಿಲ್ಲ ಎಂದು ತಲೆ ಅಲ್ಲಾಡಿಸಿದಳು.

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಇಬ್ಬರೂ ಅಲ್ಲೇ ನಿಂತು ಕಾದರು.